ಪ್ರಾಚೀನ ಯೆಹೂದಿ ನಾಣ್ಯ: ಅಸಲಿ ಯಾವುದು, ನಕಲಿ ಯಾವುದು?

ಪ್ರಾಚೀನ ಯೆಹೂದಿ ನಾಣ್ಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಎಲ್ಲ ಉತ್ತರಗಳ ಬೇರು ಒಂದೇ. ನಾಣ್ಯ ಹಳೆಯದಾಗಿ ಕಾಣುತ್ತದೆಯೇ ಎಂದು ನೋಡಬೇಡಿ. ಆ ಕಾಲದ ಟಂಕಸಾಲೆಯಲ್ಲಿ ತಯಾರಾಗುತ್ತಿದ್ದ ರೀತಿಯಲ್ಲೇ ತಯಾರಾಗಿದೆಯೇ ಎಂದು ನೋಡಿ.

ಪ್ರಶ್ನೆ: ಜೆರುಸಲೇಮ್ ಯಾತ್ರೆಗೆ ಹೋದಾಗ ಅಂಗಡಿಯೊಂದರಲ್ಲಿ ‘ವಿಧವೆಯ ಕಾಸು’ ಕೊಂಡೆ. ಪ್ರಮಾಣಪತ್ರವನ್ನೂ ಕೊಟ್ಟರು. ಆದರೆ ಅಂಚು ಓರೆಯಾಗಿದೆ, ಎರಡು ಕಡೆ ಕತ್ತರಿಸಿದ ಗುರುತಿದೆ, ಅಕ್ಷರಗಳು ಅರ್ಧಂಬರ್ಧ ಮೂಡಿವೆ. ಮೋಸ ಹೋದೆನೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನೀವು ಹೇಳಿದ ಮೂರು ಲಕ್ಷಣಗಳೂ ನಿಮ್ಮ ನಾಣ್ಯದ ಪರವಾಗಿಯೇ ಇವೆ. ಬೈಬಲಿನ ಬಡ ವಿಧವೆಯ ಕಾಣಿಕೆಯ ಕಥೆಯಿಂದ ಬಂದ ಈ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ಯೆಹೂದಿಗಳ ಹಾಸ್ಮೊನಿಯನ್ ರಾಜವಂಶದ ದೊರೆ ಅಲೆಕ್ಸಾಂಡರ್ ಯನ್ನೈ ಹೊರಡಿಸಿದ ಕಂಚಿನ ಪುಟ್ಟ ನಾಣ್ಯ. ಕ್ರಿ.ಪೂ. 76ರವರೆಗೆ ಆಳಿದ ದೊರೆ ಇವನು. ನಾಣ್ಯದ ಒಂದು ಬದಿಗೆ ಲಂಗರು, ಇನ್ನೊಂದು ಬದಿಗೆ ನಕ್ಷತ್ರ. ಮೆದುವಾದ ಸುಣ್ಣಕಲ್ಲಿನ ಹಲಗೆಯಲ್ಲಿ ಸಾಲಾಗಿ ಗುಳಿ ಕೊರೆದು, ಗುಳಿಯಿಂದ ಗುಳಿಗೆ ಸಣ್ಣ ಕಾಲುವೆ ತೋಡಿ, ಕರಗಿದ ಕಂಚನ್ನು ಹೊಯ್ಯುತ್ತಿದ್ದರು. ಹಾಗೆ ಬಂದ ಬಿಲ್ಲೆಗಳ ಸಾಲಿಗೆ ಅಚ್ಚೊತ್ತಿ, ಆಮೇಲೆ ಒಂದೊಂದನ್ನೇ ಕತ್ತರಿಸುತ್ತಿದ್ದರು. ಗುಳಿಯ ಗೋಡೆ ಇಳಿಜಾರಾಗಿದ್ದುದರಿಂದ ಅಂಚು ಓರೆ. ಕಾಲುವೆ ಇದ್ದ ಜಾಗದಲ್ಲಿ ಕತ್ತರಿಸಿದ ಗುರುತು. ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿದ್ದುದರಿಂದ ಅಕ್ಷರಗಳು ಅರ್ಧ.

ಇವನ್ನು ಅಪಾರ ಸಂಖ್ಯೆಯಲ್ಲಿ ಹೊರಡಿಸಿದ್ದರಿಂದ ಸವೆದ ನಾಣ್ಯ ಇಂದಿಗೂ ಕಡಿಮೆ ಬೆಲೆಗೆ ಸಿಗುತ್ತದೆ. ಅಚ್ಚುಕಟ್ಟಾಗಿ ದುಂಡಗಿದ್ದು, ಎಲ್ಲ ಅಕ್ಷರಗಳೂ ಸ್ಪಷ್ಟವಾಗಿ ಕಾಣುವ ‘ವಿಧವೆಯ ಕಾಸು’ ಕಂಡರೆ ಆಗ ಅನುಮಾನಿಸಿ. ಅಂಗಡಿಯವರ ಪ್ರಮಾಣಪತ್ರಕ್ಕಿಂತ ಮುಖ್ಯವಾದ ಕಾಗದ ಬೇರೆಯಿದೆ. ಇಸ್ರೇಲಿನ 1978ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಇಂಥ ನಾಣ್ಯ ಮಾರಲು ವ್ಯಾಪಾರಿಗೆ ಪರವಾನಗಿ ಇರಬೇಕು, ದೇಶದಿಂದ ಹೊರಗೆ ತರಲು ಅನುಮತಿಪತ್ರ ಬೇಕು. ಮುಂದೆ ಯಾತ್ರೆಗೆ ಹೋಗುವವರು ಈ ಎರಡನ್ನೂ ಕೇಳಿ ಪಡೆಯಲಿ.

ಪ್ರಶ್ನೆ: ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಬೆಳ್ಳಿಯ ‘ಷೆಕೆಲ್’ ಇತ್ತು. ಒಂದು ಬದಿಗೆ ಹೊಗೆಯಾಡುವ ಪಾತ್ರೆ, ಇನ್ನೊಂದು ಬದಿಗೆ ಎಲೆ ತುಂಬಿದ ಕೊಂಬೆ. ಯೇಸುವನ್ನು ಹಿಡಿದುಕೊಡಲು ಯೂದನು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಎಂದು ಮನೆಯಲ್ಲಿ ನಂಬಿಕೆ. ಅಕ್ಕಸಾಲಿಗರು ಅಪ್ಪಟ ಬೆಳ್ಳಿ ಎಂದಿದ್ದಾರೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದು ಪ್ರಾಚೀನ ನಾಣ್ಯವಲ್ಲ. ಯುರೋಪಿನಲ್ಲಿ 16ನೇ ಶತಮಾನದಿಂದ ಈಚೆಗೆ ಭಕ್ತರಿಗಾಗಿ ಮಾಡಿದ ಬಿಲ್ಲೆ. ಯೇಸುವಿನ ಸಮಾಧಿಯ ಪ್ರತಿರೂಪವಿರುವ ಜರ್ಮನಿಯ ಗೋರ್ಲಿಟ್ಸ್ ಊರಿನ ಹೆಸರಿನಿಂದ ಸಂಗ್ರಾಹಕರು ಇದನ್ನು ಕರೆಯುತ್ತಾರೆ. ಅಕ್ಷರ ನೋಡಿದರೆ ಸಾಕು: ನಿಮ್ಮ ಬಿಲ್ಲೆಯಲ್ಲಿರುವುದು ಇಂದು ಪುಸ್ತಕಗಳಲ್ಲಿ ಕಾಣುವ ಚೌಕಾಕಾರದ ಹೀಬ್ರೂ ಆಗಿರುತ್ತದೆ. ನಿಜವಾದ ಷೆಕೆಲ್ ಮೇಲೆ ಇರುವುದು ಅದಕ್ಕಿಂತ ಹಳೆಯ, ಕೋನಕೋನವಾದ ಲಿಪಿ; ಚಿತ್ರದಲ್ಲಿ ಹೊಗೆಯೂ ಇಲ್ಲ, ಎಲೆಗಳ ಕೊಂಬೆಯೂ ಇಲ್ಲ. ಮೇಲಾಗಿ ಹೀಬ್ರೂ ಬರಹದ ಆ ಷೆಕೆಲ್ ಹುಟ್ಟಿದ್ದೇ ಕ್ರಿ.ಶ. 66ರಲ್ಲಿ, ಯೇಸುವಿನ ಕಾಲ ಕಳೆದು ಒಂದು ತಲೆಮಾರಿನ ನಂತರ. ಮೂವತ್ತು ಬೆಳ್ಳಿ ನಾಣ್ಯಗಳು ಟೈರ್ ನಗರದವು, ಒಂದು ಬದಿಗೆ ಮೆಲ್ಕಾರ್ಟ್ ದೇವರ ತಲೆ, ಇನ್ನೊಂದು ಬದಿಗೆ ಹದ್ದು ಇರುವವು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಜೆರುಸಲೇಮ್ ದೇವಾಲಯದ ತೆರಿಗೆಗೆ ಸಲ್ಲುತ್ತಿದ್ದುದೂ ಅವೇ.

ಅಕ್ಕಸಾಲಿಗರು ಹೇಳಿದ್ದು ನಿಜವೇ ಇರಬಹುದು. ಅವರು ಹೇಳಬಲ್ಲದ್ದು ಬೆಳ್ಳಿಯ ಗುಣ, ಅದರ ವಯಸ್ಸಲ್ಲ. ಯಾವ ಹಳೆಯ ನಾಣ್ಯವನ್ನೂ ಒರೆಗಲ್ಲಿಗೆ ತಿಕ್ಕಲು ಕೊಡಬೇಡಿ. ಅಜ್ಜನ ಬಿಲ್ಲೆಯನ್ನು ಮಾತ್ರ ಮನೆತನದ ನೆನಪಾಗಿ ಜೋಪಾನ ಮಾಡಿ.

ಪ್ರಶ್ನೆ: ಯೆಹೂದಿ ದಂಗೆಯ ಬೆಳ್ಳಿ ಷೆಕೆಲ್ ಒಂದನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟಿದ್ದಾರೆ. ಕೊಳ್ಳುವ ಮುಂಚೆ ಏನೇನು ಪರೀಕ್ಷಿಸಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಕ್ರಿ.ಶ. 66ರಿಂದ 70ರವರೆಗೆ, ರೋಮ್ ವಿರುದ್ಧ ಎದ್ದ ಮೊದಲ ದಂಗೆಯಲ್ಲಿ ಹೊರಬಂದ ಈ ಷೆಕೆಲ್‌ಗೆ ನಕಲಿಗಳ ಕಾಟ ಬಹಳ. ಮೊದಲು ವರ್ಷ ಓದಿ. ಮುಂಬದಿಯಲ್ಲಿರುವ ಪಾನಪಾತ್ರೆಯ ಮೇಲ್ಗಡೆಯ ಅಕ್ಷರಗಳು ದಂಗೆಯ 1ರಿಂದ 5ನೇ ವರ್ಷವನ್ನು ಹೇಳುತ್ತವೆ. ಮೊದಲ ವರ್ಷದ ಪಾತ್ರೆಯ ಬಾಯಂಚು ನುಣುಪು; ಎರಡನೆಯ ವರ್ಷದಿಂದ ಅದಕ್ಕೆ ಮಣಿಗಳ ಸಾಲು. ಹಿಂಬದಿಯಲ್ಲಿ ಮೂರು ದಾಳಿಂಬೆ ಮೊಗ್ಗುಗಳ ಸುತ್ತ ‘ಪವಿತ್ರ ಜೆರುಸಲೇಮ್’ ಎಂಬ ಬರಹವಿದ್ದು, ಎರಡನೆಯ ವರ್ಷದಿಂದ ಅದರಲ್ಲಿ ಅಕ್ಷರಗಳು ಹೆಚ್ಚಾಗಿವೆ. ಒಂದು ಬದಿ ಒಂದು ವರ್ಷದ್ದು, ಇನ್ನೊಂದು ಬದಿ ಇನ್ನೊಂದು ವರ್ಷದ್ದು ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. 2 ಮತ್ತು 3ನೇ ವರ್ಷದವು ಹೆಚ್ಚು ಸಿಗುತ್ತವೆ; 5ನೇ ವರ್ಷದ್ದು ತೀರಾ ಅಪರೂಪ, ಅಗ್ಗದ ಬೆಲೆಗೆ ಬಂದರೆ ಅದೇ ಎಚ್ಚರಿಕೆ.

ಎರಡನೆಯದು ಅಂಚು. ಅಸಲಿ ಷೆಕೆಲ್‌ನ ಅಂಚಿನಲ್ಲಿ ಸುತ್ತಿಗೆಯಿಂದ ಬಡಿದ ಗುರುತುಗಳಿರುತ್ತವೆ. ಸುತ್ತಲೂ ಒಂದೇ ಗೆರೆಯಾಗಿ ಎರಡು ಭಾಗ ಕೂಡಿಸಿದಂತೆ ಕಂಡರೆ, ಇಲ್ಲವೇ ಆ ಗೆರೆಯನ್ನು ಅರದಿಂದ ಉಜ್ಜಿದ್ದರೆ, ಅದು ಎರಕದ ನಕಲಿ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಮೇಲ್ಮೈ ನೋಡಿ: ಎರಕದಲ್ಲಿ ಗಾಳಿಗುಳ್ಳೆಗಳ ಸಣ್ಣ ಕುಳಿಗಳಿರುತ್ತವೆ, ಅಕ್ಷರಗಳ ಬುಡ ಮೊಂಡಾಗಿರುತ್ತದೆ.

ಮೂರನೆಯದು ತೂಕ. ಅಸಲಿ ಸುಮಾರು 14 ಗ್ರಾಂ. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 14 ಗ್ರಾಂ ಬೆಳ್ಳಿ ಸುಮಾರು 1.3 ಗ್ರಾಂ ಕಡಿಮೆ ತೂಗುತ್ತದೆ. ತವರದ ಮಿಶ್ರಣವಾದರೆ ಇನ್ನೂ ಹೆಚ್ಚು ಕಳೆದುಕೊಳ್ಳುತ್ತದೆ. ಆದರೆ ಒಳ್ಳೆಯ ಬೆಳ್ಳಿಯಲ್ಲೇ ನಕಲಿ ಮಾಡುವವರಿದ್ದಾರೆ. ಆದ್ದರಿಂದ ತೂಕದ ಪರೀಕ್ಷೆ ನಕಲಿಯನ್ನು ಹಿಡಿದುಕೊಡಬಹುದು, ಅಸಲಿಯನ್ನು ಸಾಬೀತು ಮಾಡದು. ಚಿತ್ರ ಮಾತ್ರ ನೋಡಿ ಈ ಷೆಕೆಲ್ ಕೊಳ್ಳಬೇಡಿ. ನಕಲಿ ಎಂದು ತಿಳಿದ ದಿನ ಹಣ ಮರಳಿಸುವುದಾಗಿ, ಗಡುವಿಲ್ಲದೆ, ಬರೆದುಕೊಡದ ವ್ಯಾಪಾರಿಯಿಂದಂತೂ ಬೇಡವೇ ಬೇಡ.

ಪ್ರಶ್ನೆ: ಬಾರ್ ಕೊಖ್ಬಾ ದಂಗೆಯ ಬೆಳ್ಳಿ ನಾಣ್ಯವೊಂದರಲ್ಲಿ ದ್ರಾಕ್ಷಿಗೊಂಚಲಿನ ಪಕ್ಕ ಮನುಷ್ಯನ ಮೂಗು, ಗ್ರೀಕ್ ಅಕ್ಷರದ ತುಂಡು ಕಾಣುತ್ತದೆ. ಇದು ನಕಲಿ ಮಾಡಿದವರ ಎಡವಟ್ಟೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎಡವಟ್ಟಲ್ಲ, ಅದೇ ಈ ನಾಣ್ಯದ ಚರಿತ್ರೆ. ಕ್ರಿ.ಶ. 132ರಲ್ಲಿ ರೋಮ್ ವಿರುದ್ಧ ಎದ್ದ ಈ ದಂಗೆಕೋರರು ಹೊಸ ಬಿಲ್ಲೆ ಎರೆಯಲಿಲ್ಲ. ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳ ಮೇಲೆಯೇ ತಮ್ಮ ಅಚ್ಚೊತ್ತಿದರು. ಚಕ್ರವರ್ತಿಯ ಮುಖದ ಮೇಲೆ ದ್ರಾಕ್ಷಿ, ತುತ್ತೂರಿ, ತಂತಿವಾದ್ಯ ಮತ್ತು ನಾಯಕ ಶಿಮೋನನ (ಬಾರ್ ಕೊಖ್ಬಾ ಇವನೇ) ಹೆಸರು ಮೂಡಿದವು. ದೊಡ್ಡ ನಾಣ್ಯದ ಮೇಲೆ ಜೆರುಸಲೇಮಿನ ದೇವಾಲಯ ಬಂತು. ಅಡಿಯ ಚಿತ್ರದ ಚೂರು ಉಳಿದಿರುವುದು ಒಳ್ಳೆಯ ಲಕ್ಷಣ.

ಆದರೆ ಅಸಲಿಯೊಂದರಿಂದ ಎರಕ ತೆಗೆದರೆ ಆ ಮೂಗೂ ನಕಲಿಗೆ ಬರುತ್ತದೆ. ಹಾಗಾಗಿ ಹೋಲಿಸಿ ನೋಡಿ. ಒಂದೇ ಅಚ್ಚಿನಿಂದ ಬಂದ ಎರಡು ಅಸಲಿ ನಾಣ್ಯಗಳ ಚಿತ್ರ ಒಂದೇ ಇರಬಹುದು. ಅಂಚಿನ ಬಿರುಕು, ಬಿಲ್ಲೆಯ ಆಕಾರ, ಅಡಿಯಲ್ಲಿ ಉಳಿದ ಚೂರು ಒಂದೇ ಇರಲು ಸಾಧ್ಯವಿಲ್ಲ. ಎಲ್ಲವೂ ಒಂದೇ ಆಗಿರುವ ಜೋಡಿ ಸಿಕ್ಕರೆ ಒಂದಾದರೂ ನಕಲಿ.

ಪ್ರಶ್ನೆ: ಕಂಚಿನ ನಾಣ್ಯದ ಮೇಲಿನ ಮಣ್ಣು, ಕಿಲುಬು ತೊಳೆದರೆ ಅಸಲಿತನ ತಿಳಿಯುವುದೇ? ಹೊರದೇಶದ ತಜ್ಞರಿಗೆ ಕಳುಹಿಸಬಹುದೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಹುಣಸೆಹಣ್ಣು, ನಿಂಬೆರಸ ಮುಟ್ಟಿಸಬೇಡಿ. ಶತಮಾನಗಳಿಂದ ಕಟ್ಟಿದ ಕಿಲುಬು ಹೋದರೆ ಚಿತ್ರದ ಸೂಕ್ಷ್ಮವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ನಕಲಿ ಮಾಡುವವರು ಬಣ್ಣ ಬಳಿದು, ಅಂಟಿನಲ್ಲಿ ಮರಳು ಕಲಸಿ ಹಚ್ಚುವುದುಂಟು. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿಟ್ಟು, ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ ನಾಣ್ಯವನ್ನು ನೆನೆಸಿ. ಬಣ್ಣ, ಅಂಟು ಕರಗುತ್ತವೆ. ಲೋಹದಲ್ಲೇ ಹುಟ್ಟಿದ ಕಿಲುಬು ಕದಲುವುದಿಲ್ಲ.

ಹೊರದೇಶಕ್ಕೆ ಕಳುಹಿಸುವ ಮಾತಿಗೆ ಕಾನೂನು ಅಡ್ಡ ಬರುತ್ತದೆ. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷಕ್ಕಿಂತ ಹಳೆಯ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಎರಡೂ ಬದಿ ಮತ್ತು ಅಂಚಿನ ಸ್ಪಷ್ಟ ಚಿತ್ರ, ತೂಕ, ಅಳತೆಗಳನ್ನು ಮಾತ್ರ ಕಳುಹಿಸಿ ಅಭಿಪ್ರಾಯ ಕೇಳಿ.

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಕೊನೆಯ ಮಾತು. ನಾಣ್ಯಕ್ಕೂ ಮೊದಲು ಪುಸ್ತಕ ಕೊಳ್ಳಿ. ಡೇವಿಡ್ ಹೆಂಡಿನ್ ಅವರ ‘ಗೈಡ್ ಟು ಬಿಬ್ಲಿಕಲ್ ಕಾಯಿನ್ಸ್’ ಮತ್ತು ಯಾಕೊವ್ ಮೆಶೋರರ್ ಅವರ ‘ಎ ಟ್ರೆಷರಿ ಆಫ್ ಜ್ಯೂಯಿಷ್ ಕಾಯಿನ್ಸ್’ ಎರಡೂ ನಂಬಬಹುದಾದವು. ಆಮೇಲೆ ಲಂಗರು, ನಕ್ಷತ್ರದ ಅಗ್ಗದ ಕಂಚಿನ ನಾಣ್ಯವೊಂದನ್ನು ಕೊಂಡು ಕೈಯಲ್ಲಿ ಹಿಡಿದು ಕಲಿಯಿರಿ. ನಿಮ್ಮಲ್ಲಿರುವುದು ನಕಲಿ ಎಂದು ಗೊತ್ತಾದರೆ ಅದರ ಲಕೋಟೆಯ ಮೇಲೆ ‘ನಕಲಿ’ ಎಂದು ಬರೆದಿಡಿ; ಕಳೆದುಕೊಂಡ ಹಣ ಮರಳಲಿ ಎಂದು ಅದನ್ನು ಇನ್ನೊಬ್ಬರಿಗೆ ದಾಟಿಸಬೇಡಿ.