ಸನದ್‌ಗೆ ಬಂದರೆ ಕಾಂಡ್ಲಾ ಕಾಡು ನೋಡಿ

ಮಗ-ಸೊಸೆ, ಮಗಳು-ಅಳಿಯನನ್ನು ನೋಡಲು ಊರಿನಿಂದ ಬಹರೈನ್‌ಗೆ ಬರುವ ಹಿರಿಯರೇ, ಬರೀ ಮಾಲ್ ಸುತ್ತಿ ಮರಳಬೇಡಿ. ಸನದ್ ಪಕ್ಕದ ತೂಬ್ಲಿ ಕೊಲ್ಲಿಯ ಅಂಚಿನಲ್ಲಿ ನಮ್ಮ ಕುಂದಾಪುರದ ಹಿನ್ನೀರನ್ನು ನೆನಪಿಸುವ ಕಾಂಡ್ಲಾ ಕಾಡಿದೆ. 1997ರಲ್ಲಿ ಈ ಕೊಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಚಳಿಗಾಲದಲ್ಲಿ ಬನ್ನಿ; ಹವೆ ಹಿತವಾಗಿರುತ್ತದೆ, ವಲಸೆ ಬಂದ ರಾಜಹಂಸಗಳೂ ಕಾಣಸಿಗುತ್ತವೆ. ಸಮುದ್ರ ಇಳಿತದಲ್ಲಿರುವಾಗ ಹೋದರೆ, ಕೆಸರಿನಿಂದ ಪೆನ್ಸಿಲ್‌ನಂತೆ ಮೇಲೆದ್ದ ಉಸಿರುಬೇರುಗಳನ್ನು ಮೊಮ್ಮಕ್ಕಳಿಗೆ ತೋರಿಸಬಹುದು. ಉಪ್ಪುನೀರು ಕುಡಿದು, ಹೆಚ್ಚಾದ ಉಪ್ಪನ್ನು ಎಲೆಯಿಂದ ಹೊರಹಾಕುವ ಗಿಡಗಳಿವು. ಮರಿಮೀನುಗಳಿಗೆ ಇದೇ ತೊಟ್ಟಿಲು.

ದುರ್ಬೀನು, ನೀರು, ಟೋಪಿ ಜೊತೆಗಿರಲಿ. ಕೆಸರಿಗಿಳಿದು ಬೇರು ತುಳಿಯಬೇಡಿ. ದಡದಲ್ಲೇ ನಿಂತು ಸದ್ದಿಲ್ಲದೆ ನೋಡಿ. ಒಂದು ಚೂರು ಪ್ಲಾಸ್ಟಿಕ್ಕನ್ನೂ ಬಿಟ್ಟುಬರಬೇಡಿ. ಮರುಭೂಮಿಯ ನಾಡಿನಲ್ಲಿ ಈ ಹಸಿರು ಬಲು ಅಮೂಲ್ಯ.