ಅಂತರ್ಜಾಲದ ಹೊಸ ವಿಳಾಸ ಪದ್ಧತಿ ಮತ್ತು ಸಣ್ಣ ಉದ್ದಿಮೆ

ಅಂತರ್ಜಾಲದಲ್ಲಿ ವ್ಯವಹರಿಸುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾವಿಳಾಸ ಅವಶ್ಯಕ. 1981ರಲ್ಲಿ ರೂಪುಗೊಂಡ ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇದಕ್ಕೆ ಮೀಸಲಾದುದು 32 ಬಿಟ್‌ಗಳು. ಅಂದರೆ ಸುಮಾರು 429 ಕೋಟಿ ವಿಳಾಸಗಳು. ಅಂದಿಗೆ ಅದು ಅಕ್ಷಯಪಾತ್ರೆಯಂತೆ ಕಂಡಿತ್ತು. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಅದೇ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ವಲಯದ ಹಂಚಿಕೆ ಸಂಸ್ಥೆಯಾದ ಎಪಿನಿಕ್, ಉಳಿದುದನ್ನು ಪಡಿತರದಂತೆ ಅಳೆದು ಕೊಡಲಾರಂಭಿಸಿತು.

ಪರಿಹಾರವು 1998ರಲ್ಲಿಯೇ ಸಿದ್ಧವಾಗಿತ್ತು. ಆರನೆಯ ಆವೃತ್ತಿಯ ವಿಳಾಸಕ್ಕೆ 128 ಬಿಟ್‌ಗಳಿದ್ದು, ಅದು ಮುಗಿಯುವ ಚಿಂತೆಯಿಲ್ಲ. ಆದರೆ ಹಳೆಯ ವಿಳಾಸದ ಆಕಾರವು ಇತರ ಮಾನಕಗಳೊಳಗೂ ಹೆಣೆದುಕೊಂಡಿದ್ದುದರಿಂದ ಅವುಗಳನ್ನೂ ಒಂದೊಂದಾಗಿ ತಿದ್ದಬೇಕಾಯಿತು. ಕಡತಗಳನ್ನು ಸಾಗಿಸುವ ಎಫ್‌ಟಿಪಿಯನ್ನೇ ನೋಡಬಹುದು. ಅದರ ಒಂದು ಆದೇಶವು ವಿಳಾಸಕ್ಕೆ ನಾಲ್ಕು, ಪೋರ್ಟಿಗೆ ಎರಡು ಹೀಗೆ ಆರು ಅಂಕಿಗಳನ್ನು ಮಾತ್ರ ಹೊರಬಲ್ಲದಾಗಿತ್ತು. ಉದ್ದದ ವಿಳಾಸಕ್ಕೆ ಅಲ್ಲಿ ಸ್ಥಳವೇ ಇರಲಿಲ್ಲ. 1998ರಲ್ಲಿ ಅದಕ್ಕೆ ಬದಲಿ ಆದೇಶವನ್ನು ರಚಿಸಲಾಯಿತು. ಜಾಲತಾಣದ ವಿಳಾಸದಲ್ಲಿ ಪೋರ್ಟ್ ಸಂಖ್ಯೆಯನ್ನು ಬೇರ್ಪಡಿಸಲು ವಿವರಣ ಚಿಹ್ನೆ ಬಳಕೆಯಲ್ಲಿತ್ತು. ಹೊಸ ವಿಳಾಸದೊಳಗೂ ಅದೇ ಚಿಹ್ನೆ. ಗೊಂದಲ ತಪ್ಪಿಸಲು ಹೊಸ ವಿಳಾಸವನ್ನು ಚೌಕ ಆವರಣದಲ್ಲಿ ಬರೆಯಬೇಕೆಂದು 1999ರಲ್ಲಿ ನಿಗದಿಯಾಯಿತು.

ಇದು ತಂತ್ರಜ್ಞರ ಉಸಾಬರಿಯೆಂದು ವರ್ತಕರು ತಳ್ಳಿಹಾಕುವಂತಿಲ್ಲ. ಇದೇ ದೋಷ ಅನೇಕ ಅಂಗಡಿ-ಕಾರ್ಖಾನೆಗಳ ತಂತ್ರಾಂಶದಲ್ಲಿಯೂ ಅಡಗಿರುತ್ತದೆ. ಹಳೆಯ ವಿಳಾಸ ಹೆಚ್ಚೆಂದರೆ 15 ಅಕ್ಷರ. ಹೊಸದು 39ರವರೆಗೆ ಬೆಳೆಯುತ್ತದೆ. 15 ಅಕ್ಷರಗಳ ಅಂಕಣವನ್ನಷ್ಟೇ ಇರಿಸಿದ ಬಿಲ್ಲಿಂಗ್ ಅಥವಾ ಹಾಜರಾತಿ ತಂತ್ರಾಂಶವು ಹೊಸ ವಿಳಾಸವನ್ನು ತಿರಸ್ಕರಿಸಬಹುದು, ಇಲ್ಲವೇ ತುಂಡರಿಸಿ ದಾಖಲಿಸಬಹುದು. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುವುದಿಲ್ಲ.

ವಿಳಾಸಗಳ ಕೊರತೆಯಿಂದ ಸೇವಾದಾರರು ಒಂದೇ ಹಳೆಯ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವುದುಂಟು. ಗೋದಾಮಿನ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಲಾಗದಿರುವುದಕ್ಕೆ ಇದೂ ಒಂದು ಕಾರಣ. ಪಾಲುದಾರರಲ್ಲಿ ಒಬ್ಬನ ಕಂಪ್ಯೂಟರ್ ದುರ್ಬಳಕೆಯಾಗಿ ಆ ವಿಳಾಸಕ್ಕೆ ನಿರ್ಬಂಧ ಬಿದ್ದರೆ, ಏನೂ ಅರಿಯದ ಉಳಿದವರ ವ್ಯವಹಾರವೂ ನಿಲ್ಲುತ್ತದೆ.

ಭಾರತದ ದೂರಸಂಪರ್ಕ ಇಲಾಖೆ ಆರನೆಯ ಆವೃತ್ತಿಯ ಮಾರ್ಗಸೂಚಿಯನ್ನು 2010ರಲ್ಲಿ ಪ್ರಕಟಿಸಿತು. ಮುಂದೆ 4ಜಿ ಮೊಬೈಲ್ ಜಾಲಗಳು ಇದನ್ನು ವ್ಯಾಪಕವಾಗಿ ಅಳವಡಿಸಿಕೊಂಡುದರಿಂದ, ದೇಶದ ಅರ್ಧಕ್ಕಿಂತ ಹೆಚ್ಚು ಬಳಕೆದಾರರು ಇಂದು ಹೊಸ ಪದ್ಧತಿಯನ್ನು ಬಳಸಬಲ್ಲರು. ಬಹುಮಂದಿಗೆ ಅದರ ಅರಿವೇ ಇಲ್ಲ ಎಂಬುದು ಬೇರೆ ಮಾತು.

ಹಳೆಯ ಹಾಗೂ ಹೊಸ ವಿಳಾಸಗಳೆರಡನ್ನೂ ಜೊತೆಯಲ್ಲಿ ನಡೆಸುವುದೇ ರೂಢಿಯ ಕ್ರಮವಾದುದರಿಂದ ಇರುವ ಉಪಕರಣಗಳನ್ನು ಒಮ್ಮೆಗೇ ಎಸೆಯಬೇಕಿಲ್ಲ. ರೂಟರ್, ಕ್ಯಾಮೆರಾ ಅಥವಾ ಲೆಕ್ಕಪತ್ರ ತಂತ್ರಾಂಶವನ್ನು ಮುಂದೆ ಕೊಳ್ಳುವಾಗ ಆರನೆಯ ಆವೃತ್ತಿಗೆ ಬೆಂಬಲವಿದೆಯೆಂದು ದರಪಟ್ಟಿಯಲ್ಲಿಯೇ ಬರೆಯಿಸಿಕೊಳ್ಳುವುದು ಲೇಸು. ಭದ್ರತೆಯ ವಿಷಯದಲ್ಲಿ ಮಾತ್ರ ವಿಳಂಬ ಸಲ್ಲದು. ಹಲವೆಡೆ ಫೈರ್‌ವಾಲ್ ನಿಯಮಗಳು ಹಳೆಯ ವಿಳಾಸಗಳಿಗಷ್ಟೇ ರಚಿತವಾಗಿರುತ್ತವೆ. ರೂಟರ್‌ನಲ್ಲಿ ಹೊಸ ಪದ್ಧತಿ ತಾನಾಗಿಯೇ ಚಾಲನೆಗೊಂಡಿದ್ದರೆ ಮುಂಬಾಗಿಲಿಗೆ ಬೀಗ, ಹಿತ್ತಿಲು ಬಯಲು ಎಂಬಂತಾಗುತ್ತದೆ. ಹೊರಗಿನಿಂದ ಬರುವ ಸಂಪರ್ಕಗಳನ್ನು ಎರಡೂ ಆವೃತ್ತಿಗಳಲ್ಲಿ ತಡೆಯಲಾಗಿದೆಯೇ ಎಂಬುದನ್ನು ಜಾಲವನ್ನು ನೋಡಿಕೊಳ್ಳುವವರಿಂದ ಪರೀಕ್ಷಿಸಿ, ಲಿಖಿತವಾಗಿ ಪಡೆದಿಡತಕ್ಕದ್ದು.