ಹಳೆಯ ಮನೆಗೆ ಹೊಸ ಕೋಣೆ

ನಿಮ್ಮಲ್ಲಿ ಅನೇಕರು ಅಜ್ಜನ ಕಾಲದ ಹಂಚಿನ ಮನೆಯಿಂದಲೇ ಶಾಲೆಗೆ ಬರುವವರು. ಅಂತಹ ಮನೆಯಲ್ಲಿ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಜಾಗ ಸಾಲದು, ಒಂದು ಕೋಣೆ ಸೇರಿಸಬೇಕು." ಅಣ್ಣನಿಗೆ ಮದುವೆಯಾಗಿರುತ್ತದೆ, ಅಜ್ಜಿಗೆ ಮೆಟ್ಟಿಲು ಹತ್ತಲಾಗದು, ಹತ್ತನೆಯ ತರಗತಿಯ ಹುಡುಗಿಗೆ ಓದಲು ಮೂಲೆಯಿಲ್ಲ. ಆಗ ಹಿರಿಯರು ಹಿತ್ತಿಲಿಗೆ ಹೋಗಿ ಹೆಜ್ಜೆ ಹಾಕಿ ನೆಲ ಅಳೆಯುತ್ತಾರೆ. ನೆಲವನ್ನು ಆಮೇಲೆ ಅಳೆದರೂ ಸಾಕು, ಮೊದಲು ಮಾಡನ್ನು ಅಳೆಯಬೇಕು ಎಂಬುದು ನಾನು ಪೆಟ್ಟು ತಿಂದು ಕಲಿತ ಪಾಠ.

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಯೆಂದರೆ ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ರೀಪು, ಅದರ ಮೇಲೆ ಮಂಗಳೂರು ಹಂಚು. ಈ ಕಲ್ಲನ್ನು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಹಂಚಾದರೋ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಮ್ಮೂರಿಗೆ ಬಂದುದು. ಅದಕ್ಕೂ ಮೊದಲು ಹೆಚ್ಚಿನ ಮನೆಗಳಿಗೆ ಹುಲ್ಲು, ಮಡಲುಗಳೇ ಹೊದಿಕೆ.

ಈಗ ನಮ್ಮ ಮನೆಯ ವಿಷಯ. ಅಜ್ಜಿಗೆ ಎಂಬತ್ತು ದಾಟಿದಾಗ ಹಿಂಬದಿಯ ಗೋಡೆಗೆ ತಾಗಿಸಿ 10 ಅಡಿ ಅಗಲದ ಕೋಣೆ ಕಟ್ಟುವುದೆಂದು ನಾನೂ ನನ್ನ ತಮ್ಮನೂ ನಿಶ್ಚಯಿಸಿದೆವು. ಹಳೆಯ ಮಾಡನ್ನೇ ಮುಂದಕ್ಕೆ ಇಳಿಸಿದರಾಯಿತು, ಖರ್ಚೂ ಕಡಿಮೆ ಎಂಬ ಲೆಕ್ಕ. ಆ ಲೆಕ್ಕವನ್ನು ನೀವೂ ಮಾಡಿ ನೋಡಿ. ನಮ್ಮ ಹಿಂಗೋಡೆಯ ಎತ್ತರ 10 ಅಡಿ. ಮಾಡಿನ ಇಳಿಜಾರು 2 ಅಡಿಗೆ 1 ಅಡಿ. ಅದೇ ಇಳಿಜಾರಿನಲ್ಲಿ 10 ಅಡಿ ಮುಂದೆ ಹೋದರೆ ಮಾಡು 5 ಅಡಿ ತಗ್ಗುತ್ತದೆ. ಹೊರಗೋಡೆಗೆ ಉಳಿಯುವುದು 5 ಅಡಿ ಮಾತ್ರ. ನಿಮ್ಮ ತರಗತಿಯ ಎತ್ತರದ ಹುಡುಗ ಅಲ್ಲಿ ತಲೆ ಬಗ್ಗಿಸಿಯೇ ನಿಲ್ಲಬೇಕು. ಹೊರಗೋಡೆ 7 ಅಡಿಯಾದರೂ ಇರಬೇಕೆಂದರೆ ಮಾಡು 3 ಅಡಿಗಿಂತ ಹೆಚ್ಚು ತಗ್ಗಬಾರದು. ಆಗ ಕೋಣೆಯ ಅಗಲ 6 ಅಡಿ. ಮಂಚ ಹಿಡಿಸೀತು, ಮಂಚದ ಪಕ್ಕದಲ್ಲಿ ಅಜ್ಜಿಯನ್ನು ಹಿಡಿದು ಎಬ್ಬಿಸುವವರಿಗೆ ಜಾಗವಿಲ್ಲ. ಸದೃಶ ತ್ರಿಕೋನಗಳ ಪಾಠ ಪರೀಕ್ಷೆಗೆ ಮಾತ್ರ ಎಂದು ತಿಳಿಯಬೇಡಿ!

ನಾವು ಮಾಡಿದ ತಪ್ಪೆಂದರೆ ಇಳಿಜಾರನ್ನೇ ಕಡಿಮೆ ಮಾಡಿದುದು. 10 ಅಡಿಗೆ 3 ಅಡಿ ಇಳಿಸಿದೆವು. ಚಪ್ಪಟೆಯಾದ ಮಾಡಿನಲ್ಲಿ ನೀರು ನಿಧಾನವಾಗಿ ಹರಿಯುತ್ತದೆ. ಗಾಳಿ ಬೀಸಿದಾಗ ಹಂಚಿನ ಸಂದಿಯಲ್ಲಿ ಹಿಂದಕ್ಕೆ ಏರಿ ಒಳಕ್ಕೆ ಬೀಳುತ್ತದೆ. ಅದರ ಮೇಲೆ ಹಳೆಯ ಮಾಡಿನ ನೀರೂ ಇದರ ಮೇಲೆಯೇ ಬರಬೇಕು. ಎಷ್ಟು ನೀರು? ನಮ್ಮ ಹಿಂಬದಿಯ ಮಾಡು 10 ಮೀಟರ್ ಉದ್ದ, 4 ಮೀಟರ್ ಅಗಲ. ಅಗಲವನ್ನು ಹಂಚಿನ ಇಳಿಜಾರಿನ ಮೇಲೆ ಅಳೆಯದೆ, ಕೆಳಗೆ ನೆಲದ ಮೇಲೆ ಅಳೆಯಬೇಕು. ಮಳೆ ಬೀಳುವುದು ಮೇಲಿನಿಂದ ತಾನೇ. ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ 40 ಚದರ ಮೀಟರಿಗೆ 2000 ಲೀಟರ್, ಎಂದರೆ 20 ಲೀಟರಿನ ನೂರು ಕೊಡಪಾನ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳ ಒಂದು ರಾತ್ರಿ ಅಜ್ಜಿಯ ಹಾಸಿಗೆ ನೆನೆಯಿತು. ಅವರು ಯಾರನ್ನೂ ಕರೆಯದೆ ಬೆಳಗಿನವರೆಗೆ ಮಂಚದ ಒಣಗಿದ ಬದಿಯಲ್ಲಿ ಕುಳಿತೇ ಇದ್ದರು. ಮರುದಿನ ಅವರ ಮಂಚ ಪುನಃ ನಡುಮನೆಗೆ ಬಂತು.

ಬೇರೆ ಎರಡು ಕೆಡುಕುಗಳೂ ಆದವು. ಹೊಸ ಗೋಡೆಯನ್ನು ಹಳೆಯದರ ಕಲ್ಲುಗಳ ನಡುವೆ ಹಲ್ಲು ಕಚ್ಚಿಸಿದಂತೆ ಕೂಡಿಸಿದ್ದೆವು. ಹಳೆಯ ಪಂಚಾಂಗ ಎಷ್ಟೋ ಮಳೆಗಾಲ ಕಂಡು ಕುಸಿಯುವಷ್ಟು ಕುಸಿದು ನಿಂತಿದೆ. ಹೊಸತು ಇನ್ನು ಕುಸಿಯಬೇಕಷ್ಟೆ. ಮುಂದಿನ ಬೇಸಗೆಗೆ ಕೂಡಿದಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು. ಎರಡನೆಯದು ಕತ್ತಲೆ. ನಡುಮನೆಯ ಏಕೈಕ ಕಿಟಕಿ ಹೊಸ ಕೋಣೆಯೊಳಕ್ಕೆ ತೆರೆಯುವಂತಾಯಿತು; ಹಗಲಲ್ಲೂ ದೀಪ ಬೇಕಾಯಿತು. ಗಾಜಿನ ಹಂಚು ಹಾಕಿ ನೋಡಿದೆವು, ಸ್ವಲ್ಪ ಗುಣ ಕಂಡಿತು.

ಎರಡು ವರ್ಷಗಳ ಅನಂತರ ಅದನ್ನು ಕೆಡವಿದೆವು. ಮನೆಯಲ್ಲಿ ಮಾತುಕತೆ ಸುಲಭವಾಗಿರಲಿಲ್ಲ; ದುಡ್ಡು ತಮ್ಮನದೇ ಹೆಚ್ಚು ಹೋಗಿತ್ತು. ಈ ಸಲ ಹಿರಿಯ ಮೇಸ್ತ್ರಿಯೊಬ್ಬರು ಮಳೆ ಬರುವ ದಿನವೇ ಬಂದು, ಕೊಡೆ ಹಿಡಿದು, ನೀರು ಎಲ್ಲಿ ಬೀಳುತ್ತದೆಂದು ನೋಡಿದರು. ಹಿಂಗೋಡೆಯಿಂದ 6 ಅಡಿ ಬಿಟ್ಟು, ಗಟ್ಟಿ ನೆಲ ಸಿಗುವವರೆಗೆ ಅಗೆದು, ಬೇರೆಯೇ ಪಂಚಾಂಗ ಹಾಕಿ, ಎರಡು ಇಳಿಜಾರಿನ ಸ್ವಂತ ಮಾಡುಳ್ಳ ಕೋಣೆ ಎಬ್ಬಿಸಿದರು. ಎರಡೂ ಮಾಡುಗಳ ಸೂರು ಎರಡೆರಡು ಅಡಿ ಚಾಚಿದರೂ ನಡುವೆ 2 ಅಡಿ ಆಕಾಶ ಉಳಿಯಿತು. ನೀರು ಅಲ್ಲಿ ಬಿದ್ದು ಕಲ್ಲಿನ ತೋಡಿನಲ್ಲಿ ತೋಟಕ್ಕೆ ಹೋಗುತ್ತದೆ. ನಡುಮನೆಯ ಕಿಟಕಿಗೆ ಬೆಳಕು ಮರಳಿತು. ಹಳೆಯ ಗೋಡೆಯನ್ನು ಒಡೆಯಲೇ ಇಲ್ಲ. ಮಾಡಿನ ಭಾರ ಹೊತ್ತ ಮುರಕಲ್ಲಿನ ಗೋಡೆಯಲ್ಲಿ ಹೊಸ ಬಾಗಿಲು ಕೊರೆಯುವುದು ಮೇಲಿನ ಮರಕ್ಕೆ ಊರುಗೋಲು ಕೊಡದೆ ಮಾಡುವ ಕೆಲಸವಲ್ಲ. ಹಿಂಬಾಗಿಲು ಇದ್ದುದರಿಂದ ಅದರ ಎದುರಿಗೇ ತೋಡಿನ ಮೇಲೆ ಚಪ್ಪಡಿ ಹಾಸಿ, ಮೇಲೆ ಸಣ್ಣ ಮಾಡು ಹಾಕಿ ದಾರಿ ಮಾಡಿದೆವು.

ಆ ದಾರಿ ಹಳೆಯ ನೆಲದ ಮಟ್ಟಕ್ಕೇ ಇದೆ, ಒಂದು ಮೆಟ್ಟಿಲೂ ಇಲ್ಲ. ಬಾಗಿಲು 3 ಅಡಿಗಿಂತ ತುಸು ಹೆಚ್ಚು ಅಗಲ, ಗಾಲಿಕುರ್ಚಿ ಹಾಯುತ್ತದೆ. ಬಚ್ಚಲು ಕೋಣೆಗೆ ತಾಗಿಯೇ ಇದೆ, ಗೋಡೆಗೆ ಹಿಡಿಕೆಯಿದೆ. ಎಲ್ಲವೂ ಆದ ಮೇಲೆ ಅಜ್ಜಿ ಬಾಗಿಲಿನ ಕೆಳಗೆ ನೋಡಿ ಕೇಳಿದರು: "ಹೊಸ್ತಿಲು ಎಲ್ಲಿ ಮಗಾ?" ಎಡವಬಾರದೆಂದು ಹೊಸ್ತಿಲನ್ನೇ ಬಿಟ್ಟಿದ್ದೆವು. ಬಡಗಿ ಹಲಸಿನ ಹಲಗೆಯೊಂದನ್ನು ನೆಲಕ್ಕೆ ಸಮನಾಗಿ ಹುಗಿದು ಕೂರಿಸಿದರು. ಅಜ್ಜಿ ಗೋಡೆ ಹಿಡಿದು ಕುಳಿತು, ಅದಕ್ಕೆ ಅರಸಿನ ಹಚ್ಚಿ, ಎರಡೆಳೆ ರಂಗೋಲಿ ಎಳೆದು ಒಳಗೆ ಹೋದರು.